ಹತ್ತು ಸೆಕೆಂಡಿನ ಮೆನು

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಯಾವಾಗಿನಿಂದ ಹೀಗೆ?"

ಥಾಣೆಯ ಆಸ್ಪತ್ರೆ, ಮರೆವಿನ ಕಾಯಿಲೆಯವರನ್ನು ನೋಡುವ ಓಪಿಡಿ. ರಾಮಚಂದ್ರ ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ತಮಗೇನೂ ಸಂಬಂಧವಿಲ್ಲದವರ ಹಾಗೆ ಕೂತಿದ್ದರು. ಅವರ ಹೆಂಡತಿ ಸುಬ್ಬಲಕ್ಷ್ಮಿ, "ಈ ಸಂಕ್ರಾಂತಿಯಿಂದ ಇರಬೇಕು ಡಾಕ್ಟ್ರೇ, ಎಳ್ಳು ಬೀರಿ ಬಂದ ಮನೆಗೇ ಮತ್ತೆ ಹೋಗಿದ್ದರು," ಎಂದರು. ಮಗಳು ಯಾಮಿನಿಯ ತಲೆಯಲ್ಲಿ ಮಾತ್ರ ಬೇರೆ ಒಂದು ತಾರೀಖು ಹೋದ ವರ್ಷದಿಂದ ಗೂಟ ಹೊಡೆದುಕೊಂಡು ಕೂತಿತ್ತು. ಏಪ್ರಿಲ್ ಇಪ್ಪತ್ತೊಂದು, ಭಾನುವಾರ.

"ಸರಿಯಾಗಿ ಯೋಚನೆ ಮಾಡಿ, ಮುಂದಿನ ಸಲ ಬರೆದುಕೊಂಡು ಬನ್ನಿ. ಹಳೇ ಡೈರಿ ಗಿಯರಿ ಇದ್ದರೆ ನೋಡಿ," ಎಂದು ಡಾಕ್ಟರು ಮುಂದಿನ ಪೇಷಂಟನ್ನು ಕರೆದರು.

ಆ ಭಾನುವಾರ ಯಾಮಿನಿ ಅಪ್ಪನನ್ನು ಬೈದಿದ್ದಳು. ಬೈದಿದ್ದಳು ಅಂದರೆ ಸುಮ್ಮನೆ ಮಾತಿಗೆ ಮಾತು ಬಂದದ್ದಲ್ಲ. ಹೆತ್ತ ಅಪ್ಪನಿಗೆ ಯಾರೂ ಅನ್ನಬಾರದ್ದನ್ನು ಹೊರಗಿನವರ ಎದುರಿಗೆ ಅಂದಿದ್ದಳು. ಅದಕ್ಕೂ ಮುಂಚೆಯೇ ಕಾಯಿಲೆ ಶುರುವಾಗಿತ್ತು ಅಂದರೆ, ಕಾಯಿಲೆಯ ಮನುಷ್ಯನನ್ನು ಬೈದ ಪಾಪ. ಆಮೇಲೆ ಶುರುವಾಯಿತು ಅಂದರೆ, ಬೈದೇ ಅವರನ್ನು ಈ ಗತಿಗೆ ತಂದ ಪಾಪ. ಎರಡರಲ್ಲಿ ಯಾವುದು ಅಂತ ತಿಳಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಅಭಿ, "ಬಿಡು ಯಾಮಿನಿ, ಯಾರ ಮನೆಯಲ್ಲಿ ಬೈಯಲ್ಲ," ಅಂದರೆ ಇನ್ನಷ್ಟು ಸಂಕಟ.

ರಾಮಚಂದ್ರ ಯಾರು ಅಂತ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮೈಸೂರಿನವರು. ಮೂವತ್ತೈದು ವರ್ಷದ ಹಿಂದೆ ಡೊಂಬಿವಲಿಗೆ ಬಂದು, ಥಾಣೆ ಸ್ಟೇಷನ್ನಿನ ಪೂರ್ವಕ್ಕೆ ಕೋಪರಿಯಲ್ಲಿ, ಮೂರನೇ ಮಹಡಿಯ ಒಂದು ಹಾಲಿನಲ್ಲಿ ಕಂಪ್ಯೂಟರ್ ಕ್ಲಾಸು ತೆರೆದರು. ಒಂಬತ್ತು ಮಶೀನು, ಎರಡು ಫ್ಯಾನು. ಆ ಕ್ಲಾಸಿನಲ್ಲಿ ಕಲಿತು ಹೊಟ್ಟೆಪಾಡು ಕಂಡುಕೊಂಡವರು ಇವತ್ತಿಗೂ ಲೋಕಲ್ ಟ್ರೇನಿನಲ್ಲಿ ಅವರನ್ನು ಕಂಡರೆ ಎದ್ದು ಸೀಟು ಕೊಡುತ್ತಾರೆ. ಲೋಕಲ್ಲಿನಲ್ಲಿ ಸೀಟು ಬಿಟ್ಟುಕೊಡುವುದು ಎಂಥ ದೊಡ್ಡ ದಾನ ಅಂತ ಆ ಲೈನಿನಲ್ಲಿ ಓಡಾಡಿದವರನ್ನೇ ಕೇಳಬೇಕು.

ಅವರ ಹೆಸರಾಂತ ಪಾಠ ಯಾವುದು ಅಂದರೆ, ಒಂದೇ ಹಾರ್ಡ್ ಡಿಸ್ಕನ್ನು ಪಾಲು ಮಾಡಿ ಒಂದು ಕಡೆ ವಿಂಡೋಸು, ಇನ್ನೊಂದು ಕಡೆ ಲಿನಕ್ಸು ಹಾಕುವುದು. ಕಂಪ್ಯೂಟರು ಹಚ್ಚಿದ ಕೂಡಲೇ ಕರೀ ಪರದೆಯ ಮೇಲೆ ಎರಡು ಸಾಲಿನ ಒಂದು ಮೆನು ಬರುತ್ತದೆ, ಯಾವುದು ಬೇಕು ಆರಿಸಿಕೋ ಅಂತ. ಹತ್ತು ಸೆಕೆಂಡು ಕಾಯುತ್ತದೆ. ಒಂಬತ್ತು, ಎಂಟು, ಏಳು ಅಂತ ಎಣಿಸುತ್ತಾ ಬಂದು, ನೀವು ಏನೂ ಒತ್ತದಿದ್ದರೆ ತಾನೇ ಮೇಲಿನದಕ್ಕೆ, ಅಂದರೆ ಲಿನಕ್ಸಿಗೆ, ಹೋಗಿಬಿಡುತ್ತದೆ. ಯಾಮಿನಿ ಎಂಟನೇ ಕ್ಲಾಸಿನ ರಜೆಯಲ್ಲಿ ಅಪ್ಪನ ಪಕ್ಕ ಕೂತು ಇದನ್ನೆಲ್ಲ ಕಲಿತವಳೇ.

ಅವರದು ಎರಡು ಕಟ್ಟಳೆ. ಮೊದಲನೆಯದು, ಡಿಸ್ಕಿಗೆ ಕೈ ಹಾಕುವ ಮುಂಚೆ ಬ್ಯಾಕಪ್ ತೆಗೆಯಬೇಕು, ಅಂದರೆ ಇರುವುದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿ ಇಡಬೇಕು. ಎರಡನೆಯದು, ಕಂಪ್ಯೂಟರಿನ ಯಾವ ಸೆಟ್ಟಿಂಗು ಬದಲಾಯಿಸಿದರೂ ಹಳೇ ಸಾಲನ್ನು ಅಳಿಸಬಾರದು. ಅದರ ತಲೆಗೆ ಒಂದು ಗೀಟುಮನೆ ಗುರುತು, ಅಂದರೆ #, ಹಾಕಿ ಕಂಪ್ಯೂಟರು ಅದನ್ನು ಓದದ ಹಾಗೆ ಮಾಡಿ, ಕೆಳಗೆ ತಾರೀಖು, ಏನು ಬದಲಾಯಿಸಿದೆ, ಕಾರಣ ಏನು, ಮೂರನ್ನೂ ಬರೆಯಬೇಕು. "ಕಾಗದ ರದ್ದಿಯವನ ಪಾಲಾಗುತ್ತೆ. ಎಲ್ಲಿ ತಿದ್ದಿದೆಯೋ ಅಲ್ಲೇ ಬರೆ. ನಾಳೆ ನಿನ್ನ ಜಾಗದಲ್ಲಿ ಕೂರುವವನಿಗೆ ಗೊತ್ತಾಗಬೇಕು," ಅನ್ನುವರು.

ಬೈಗುಳ ಮಾತ್ರ ಆ ಹಾಲಿನಲ್ಲಿ ಯಾರೂ ಕೇಳಿದವರಿಲ್ಲ. ಮನೀಶ ಅಂತ ಒಬ್ಬ ಹುಡುಗ ಪಾಲು ಮಾಡಲು ಹೋಗಿ ಕ್ಲಾಸಿನ ಮುಖ್ಯ ಮಶೀನನ್ನೇ ಅಳಿಸಿ ಹಾಕಿದ್ದ. ಆ ವರ್ಷದ ಅಡ್ಮಿಷನ್ನು, ಪರೀಕ್ಷೆ, ಎಲ್ಲ ಗೋವಿಂದ. ಹುಡುಗ ಗಡಗಡ ನಡುಗುತ್ತಾ ನಿಂತಿದ್ದರೆ ರಾಮಚಂದ್ರ ಅವನನ್ನು ಕೆಳಗೆ ಕರೆದುಕೊಂಡು ಹೋಗಿ ವಡಾಪಾವ್ ಕೊಡಿಸಿ, "ಅಳಬೇಡ. ಇವತ್ತಿಂದ ನಿನಗೆ ಕಂಪ್ಯೂಟರ್ ಬಂತು ಅಂತ ಲೆಕ್ಕ," ಎಂದಿದ್ದರು.

ಅಂಥವರನ್ನು ಮಗಳು ಏನಂದಳು ಅಂತ ಕೇಳಿ.

ಯಾಮಿನಿ ಇರುವುದು ವಾಶಿಯಲ್ಲಿ. ಮನೆಗಳ ಒಳವಿನ್ಯಾಸ ಅವಳ ಕಸುಬು. ಖಾರ್ಘರಿನ ಒಂದು ಕಟ್ಟಡದ ಹನ್ನೆರಡು ಫ್ಲಾಟುಗಳ ಅಡುಗೆಮನೆ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಸ್ವಂತಕ್ಕೆ ಸಿಕ್ಕ ಮೊದಲನೇ ದೊಡ್ಡ ಕೆಲಸ. ಮೂರು ತಿಂಗಳು ಕಣ್ಣು ಕೆಂಪಾಗುವ ತನಕ ಬರೆದಿದ್ದಳು, ಸೋಮವಾರ ಒಪ್ಪಿಸಬೇಕಿತ್ತು. ಲ್ಯಾಪ್‌ಟಾಪು ಮಾತ್ರ ಮುದಿ ಎತ್ತಿನ ಹಾಗೆ ಏಳುತ್ತಲೇ ಇರಲಿಲ್ಲ. ಶನಿವಾರ ಅಪ್ಪನ ಮನೆಗೆ ಬಂದವಳು ಹಾಗಂತ ಗೊಣಗಿದ್ದಕ್ಕೆ ರಾಮಚಂದ್ರ, "ಅದಕ್ಕೇನಂತೆ, ಪಕ್ಕದಲ್ಲಿ ಲಿನಕ್ಸ್ ಹಾಕಿಕೊಡ್ತೀನಿ. ದಿನದ ಕೆಲಸ ಅದರಲ್ಲಿ ಮಾಡು, ನಕ್ಷೆಗೆ ಮಾತ್ರ ವಿಂಡೋಸಿಗೆ ಹೋಗು. ಹಗುರಾಗುತ್ತೆ," ಎಂದರು.

"ಬ್ಯಾಕಪ್ ತೆಗೀರಿ ಅಪ್ಪ."

"ಏ, ಕಳ್ಳಿ! ನನಗೇ ಪಾಠ ಹೇಳ್ತೀಯಾ?" ನಕ್ಕು ಬೆನ್ನಿಗೊಂದು ಗುದ್ದಿದ್ದರು.

ಮಾರನೇ ದಿನ ಅಮ್ಮನ ಜೊತೆ ಫಡ್ಕೆ ರೋಡಿನ ಅಂಗಡಿಗಳಿಗೆ ಹೋಗಿ ಅವಳು ವಾಪಸು ಬರುವಷ್ಟರಲ್ಲಿ ಮುಗಿದುಹೋಗಿತ್ತು. ಪಾಲು ಮಾಡುವಾಗ ಪರದೆ ಕೇಳುತ್ತದೆ, ಪಕ್ಕದಲ್ಲಿ ಹಾಕಲೋ, ಇರುವುದನ್ನೆಲ್ಲ ಅಳಿಸಿ ಹಾಕಲೋ ಅಂತ. ಅಪ್ಪ ಅಳಿಸುವುದನ್ನು ಒತ್ತಿದ್ದರು. ಸಾವಿರ ಸಲ ಮಾಡಿದ ಕೈ! ಆದರೂ ಯಾಮಿನಿ, "ಪರವಾಗಿಲ್ಲ, ಬ್ಯಾಕಪ್ ಕೊಡಿ," ಎಂದಳು.

"ತೆಗೆದಿದ್ದೀನಿ." ರಾಮಚಂದ್ರ ತಮ್ಮ ಕಂಪ್ಯೂಟರಿನ ಮುಂದೆ ಕೂತು ಹುಡುಕಿದರು. ಅರ್ಧ ಗಂಟೆ ಹುಡುಕಿದರು. ಪೆನ್‌ಡ್ರೈವು ಒಂದೊಂದಾಗಿ ಚುಚ್ಚಿ ನೋಡಿದರು. ಡ್ರಾಯರು ಸುರುವಿದರು. "ತೆಗೆದಿದ್ದೀನಿ ಕಣಮ್ಮ, ನಿನ್ನೆ ಸಾಯಂಕಾಲವೇ ತೆಗೆದೆ..."

"ಎಲ್ಲಿ ಅಪ್ಪ? ಎಲ್ಲಿ? ತೆಗೆದಿಲ್ಲ ಅಂತ ಹೇಳಿಬಿಡಿ, ಸುಳ್ಳು ಯಾಕೆ ಹೇಳ್ತೀರಿ? ಕೈಲಾಗದಿದ್ದ ಮೇಲೆ ಮುಟ್ಟಬಾರದು. ಊರಿಗೆಲ್ಲ ಮೇಷ್ಟ್ರು, ಮನೆಯವರ ಅನ್ನಕ್ಕೆ ಕಲ್ಲು ಹಾಕೋಕೆ!"

ಗುರುಗಳನ್ನು ನೋಡಲು ಪೇಢೆ ತಂದಿದ್ದ ಆ ಮನೀಶ, ಈಗ ನಲವತ್ತು ದಾಟಿದವನು, ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಕನ್ನಡ ಬರದಿದ್ದರೂ ಅವನಿಗೆ ಎಲ್ಲ ಅರ್ಥವಾಗಿತ್ತು. ರಾಮಚಂದ್ರ ಅವನ ಮುಖ ನೋಡಿದರು, ಮಗಳ ಮುಖ ನೋಡಿದರು, ಸುರುವಿದ ಪೆನ್‌ಡ್ರೈವುಗಳನ್ನು ಒಂದೊಂದಾಗಿ ಡ್ರಾಯರಿಗೆ ಎತ್ತಿಡತೊಡಗಿದರು. ಯಾಮಿನಿ ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ನಡೆದಳು.

ಖಾರ್ಘರಿನ ಕೆಲಸ ಕೈತಪ್ಪಿತು. ಅವಳು ವಾಶಿಯ ಒಂದು ಅಡುಗೆಮನೆ ಷೋರೂಮಿನಲ್ಲಿ ನೌಕರಿಗೆ ಸೇರಿದಳು. ತಿಂಗಳುಗಟ್ಟಲೆ ಡೊಂಬಿವಲಿ ಕಡೆ ತಲೆ ಹಾಕಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಫೋನು ಬರತೊಡಗಿತು, ಷೋರೂಮಿನಲ್ಲಿ ಗಿರಾಕಿಗಳು ತುಂಬಿರುವಾಗಲೇ.

"ಯಾಮಿನೀ, ಒಂದು ವಿಷಯ ಹೇಳಬೇಕಿತ್ತು..."

"ಹೇಳಿ ಅಪ್ಪ, ಬೇಗ."

"ಅದೇ... ಏನೋ ಇತ್ತಲ್ಲ. ಊಟ ಆಯ್ತಾ?"

"ಹನ್ನೊಂದು ಗಂಟೆಗೆ ಎಂಥ ಊಟ? ಆಮೇಲೆ ಮಾಡ್ತೀನಿ, ಇಡಿ."

ಹೀಗೆ ನಾಲ್ಕೈದು ಸಲ. ಒಂದು ಸಲವೂ ಅವಳು ಆಮೇಲೆ ಮಾಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಮ್ಮನ ಫೋನು ಬಂತು, ಇವರಿಗೆ ಯಾಕೋ ಸರಿಯಿಲ್ಲ, ಬಾರೇ ಅಂತ. ಓಡಿ ಬಂದಳು. ಬಂದಾಗ ಅಪ್ಪನಿಗೆ ಅವಳ ಗುರುತು ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಈಗ ಜುಲೈ. ಈಗ ಹತ್ತುವುದೇ ಅಪರೂಪ.

ಡಾಕ್ಟರು ಡೈರಿ ಅಂದದ್ದು ಕಿವಿಯಲ್ಲೇ ಇತ್ತು. ಮುಂದಿನ ಭಾನುವಾರ ಯಾಮಿನಿ ವಾಶಿಯಿಂದ ಟ್ರಾನ್ಸ್‌ಹಾರ್ಬರ್ ಲೈನಿನ ಗಾಡಿಯಲ್ಲಿ ಥಾಣೆಗೆ ಬಂದು, ಅಲ್ಲಿಂದ ಕಲ್ಯಾಣದ ಲೋಕಲ್ ಹಿಡಿದು ಡೊಂಬಿವಲಿಯಲ್ಲಿ ಇಳಿದಳು.

"ಅಮ್ಮಾ, ಅಪ್ಪ ಡೈರಿ ಬರೀತಿದ್ರಾ?"

"ಎಲ್ಲಿಯ ಡೈರಿ? ಕಿರಾಣಿ ಚೀಟಿ ಕೂಡ ಬರೆದವರಲ್ಲ ನಿಮ್ಮಪ್ಪ. ಬರೆದರೆ ಆ ಕಂಪ್ಯೂಟರಿನಲ್ಲೇ." ಸುಬ್ಬಲಕ್ಷ್ಮಿ ಹೀರೇಕಾಯಿ ಹೆರೆಯುತ್ತಾ ಮೂಲೆ ತೋರಿಸಿದರು. "ಎಷ್ಟು ದಿನವಾಯಿತೋ ಅದನ್ನು ಹಚ್ಚಿ. ಹೊದಿಕೆ ಮಾತ್ರ ಒಗೆದು ಹಾಕ್ತೀನಿ. ಅದರ ಮುಂದೆ ಕೂತು ಕೂತು ಎದ್ದು ಬರ್ತಿದ್ದರು ಪಾಪ, ಏನೂ ಒತ್ತದೆ."

ಯಾಮಿನಿ ಹೊದಿಕೆ ತೆಗೆದು ಸ್ವಿಚ್ಚು ಹಾಕಿದಳು. ಕರೀ ಪರದೆ, ಎರಡು ಸಾಲಿನ ಮೆನು. ಹತ್ತು ಸೆಕೆಂಡು ಎಣಿಸಲಿ ಅಂತ ಕಾದಳು. ಎಣಿಕೆಯೇ ಇಲ್ಲ. ಕೆಟ್ಟಿದೆಯೇನೋ ಅಂದುಕೊಂಡು ಒಳಗೆ ಹೋಗಿ ಕಾಫಿ ಬಗ್ಗಿಸಿಕೊಂಡು ಕುಡಿದು ಬಂದರೂ ಮೆನು ಇದ್ದಲ್ಲೇ ಇತ್ತು, ಅವಳ ದಾರಿ ನೋಡುತ್ತಾ. ಬಾಣದ ಗುಂಡಿ ಒತ್ತಿದರೆ ಮಾತ್ರ ಸಾಲು ಮೇಲೆ ಕೆಳಗೆ ಸರಿಯಿತು. ಕೆಟ್ಟಿಲ್ಲ. ಯಾರೋ ಬೇಕೆಂದೇ ಎಣಿಕೆ ನಿಲ್ಲಿಸಿದ್ದಾರೆ.

ಲಿನಕ್ಸಿನ ಒಳಗೆ ಹೋದಳು. ಪಾಸ್‌ವರ್ಡು ಕ್ಲಾಸಿನ ಹುಡುಗರಿಗೆಲ್ಲ ಗೊತ್ತಿದ್ದ ಅದೇ ಹಳೆಯದು. ಆ ಮೆನು ಎಷ್ಟು ಹೊತ್ತು ಕಾಯಬೇಕು ಅಂತ ಬರೆದಿರುವ ಒಂದು ಪುಟ್ಟ ಫೈಲು ಇರುತ್ತದೆ. ಅದನ್ನು ತೆರೆದಳು. ಒಂದು ಸಾಲಿರಬೇಕಾದ ಕಡೆ ಒಂದು ಪುಟವೇ ಇತ್ತು, ಪ್ರತಿ ಸಾಲಿನ ತಲೆಗೂ ಗೀಟುಮನೆ ಗುರುತು ಹಾಕಿ, ಕ್ಲಾಸಿನ ಕಟ್ಟಳೆಯ ಪ್ರಕಾರ.

೧೪-೬-೨೦೨೩. ಹತ್ತು ಸೆಕೆಂಡು ಇದ್ದದ್ದು ಇಪ್ಪತ್ತು ಮಾಡಿದೆ. ಕಾರಣ: ಕಾಫಿ ಲೋಟ ಇಟ್ಟು ತಿರುಗುವಷ್ಟರಲ್ಲಿ ಹೋಗಿಬಿಡುತ್ತದೆ.

೫-೧೧-೨೦೨೩. ಇಪ್ಪತ್ತು ಇದ್ದದ್ದು ನಲವತ್ತೈದು. ಕಾರಣ: ಓದಲು ಸಮಯ ಸಾಲದು. ಕನ್ನಡಕ ಬದಲಾಯಿಸಬೇಕು.

೨-೨-೨೦೨೪. ನಲವತ್ತೈದು ಇದ್ದದ್ದು ತೊಂಬತ್ತು. ಕಾರಣ: ಕನ್ನಡಕ ಅಲ್ಲ.

ಯಾಮಿನಿ ಓದುವುದನ್ನು ಅಲ್ಲೇ ನಿಲ್ಲಿಸಿದಳು. ಎರಡು ಪದ. ಕನ್ನಡಕ ಅಲ್ಲ. ಹೊಸ ಕನ್ನಡಕ ಬಂದ ಮೇಲೂ ಎರಡೇ ಎರಡು ಸಾಲು ಓದಿ, ಯಾವುದು ಬೇಕಿತ್ತು ತನಗೆ ಅಂತ ತಿಳಿಯದೆ, ತೊಂಬತ್ತು ಸೆಕೆಂಡು ಒಬ್ಬರೇ ಕೂತು ಒದ್ದಾಡಿದ್ದಾರೆ. ಯಾರಿಗೂ ಹೇಳಿಲ್ಲ. ಪಕ್ಕದ ಕೋಣೆಯಲ್ಲಿದ್ದ ಹೆಂಡತಿಗೂ ಹೇಳಿಲ್ಲ. ಕಾರಣ ಅನ್ನುವಲ್ಲಿ ಸುಳ್ಳು ಬರೆಯಬಾರದು ಅಂತ ಇಲ್ಲಿ ಮಾತ್ರ ಬರೆದಿದ್ದಾರೆ. ಡಾಕ್ಟರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆ ಭಾನುವಾರಕ್ಕಿಂತ ಹತ್ತು ತಿಂಗಳು ಮುಂಚೆ. ಅವಳು ಬೈದದ್ದು ಕಾಯಿಲೆಯ ಮನುಷ್ಯನನ್ನೇ. ಅಯ್ಯೋ, ಗೊತ್ತಿದ್ದರೆ ಬೈಯುತ್ತಿದ್ದಳೇ? ಕೈಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳಲ್ಲ!

ಮುಂದಿನ ತಾರೀಖನ್ನು ಓದುವ ಮುಂಚೆಯೇ ಅವಳಿಗೆ ಗೊತ್ತಿತ್ತು.

೨೧-೪-೨೦೨೪. ಬದಲಾವಣೆ ಏನೂ ಇಲ್ಲ. ಯಾಮಿನಿಯ ಲ್ಯಾಪ್‌ಟಾಪು ನನ್ನಿಂದ ಹಾಳಾಯಿತು. ಸರಿಯಾದದ್ದನ್ನೇ ಓದಿದೆ, ಕೈ ಬೇರೆಯದನ್ನು ಒತ್ತಿತು. ಬ್ಯಾಕಪ್ ತೆಗೆದದ್ದು ನಿಜ. ಎಲ್ಲಿಟ್ಟೆ ಅಂತ ನೆನಪಿಲ್ಲ. ಮಗು ಬೈದದ್ದು ಸರಿಯೇ.

ಕಣ್ಣು ಮಂಜಾಗಿ ಸಾಲುಗಳು ಒಂದರ ಮೇಲೊಂದು ಬಿದ್ದವು. ಸೆರಗಿಲ್ಲದ ಕುರ್ತಾದ ತೋಳಲ್ಲೇ ಒರೆಸಿಕೊಂಡು ಓದಿದಳು.

೩೦-೮-೨೦೨೪. ತೊಂಬತ್ತು ಇದ್ದದ್ದು ಮುನ್ನೂರು. ಇವತ್ತು ತಪ್ಪಿ ವಿಂಡೋಸ್ ಕಡೆ ಹೋದೆ. ಬ್ಯಾಕಪ್ ಅಲ್ಲಿದೆ! ಹನ್ನೆರಡು ಅಡುಗೆಮನೆಯೂ ಇವೆ. ಆವತ್ತು ಲಿನಕ್ಸ್ ಕಡೆಯೇ ಹುಡುಕುತ್ತಾ ಕೂತಿದ್ದೆ. ಯಾಮಿನಿಗೆ ಫೋನು ಮಾಡಿ ಹೇಳಬೇಕು.

೯-೯-೨೦೨೪. ಫೋನು ಮಾಡಿದೆ. ಹೇಳಲಿಕ್ಕೆ ಹೋದಾಗ ಏನು ಹೇಳಬೇಕು ಅನ್ನುವುದೇ ಹೋಗಿಬಿಟ್ಟಿತು. ನಾಳೆ ಹೇಳಬೇಕು.

೧೭-೯-೨೦೨೪. ಹೇಳಬೇಕು.

ಆಮೇಲೆ ಕೊನೆಯ ಸಾಲು. ಅದಕ್ಕೆ ತಾರೀಖು ಇರಲಿಲ್ಲ. ಕಟ್ಟಳೆ ತಪ್ಪಿದ್ದು ಅದೊಂದೇ ಕಡೆ.

ಮುನ್ನೂರು ತೆಗೆದು ಎಣಿಕೆ ನಿಲ್ಲಿಸಿದೆ. ಯಾರಾದರೂ ಆರಿಸುವ ತನಕ ಮೆನು ಕಾಯುತ್ತದೆ. ಕಾರಣ: ಯಾಮಿನಿ ಬರುತ್ತಾಳೆ. ಅವಳಿಗೆ ಆರಿಸಲು ಬರುತ್ತದೆ. ನಾನೇ ಕಲಿಸಿದ್ದು.

ಕಂಪ್ಯೂಟರನ್ನು ಮತ್ತೆ ಹಚ್ಚಿ ಎರಡನೇ ಸಾಲು ಒತ್ತಿ ಯಾಮಿನಿ ವಿಂಡೋಸಿಗೆ ಹೋದಳು. ಹುಡುಕಬೇಕಾಗಿ ಬರಲಿಲ್ಲ. ಎದುರಿಗೇ, ಅವಳ ಹೆಸರಿನದೇ ಫೋಲ್ಡರು. ಒಳಗೆ ಹನ್ನೆರಡು ನಕ್ಷೆ, ಗಾಳಿಕಿಂಡಿ, ಸಿಂಕು, ಗೂಡು ಸಮೇತ, ಒಂದು ಗೆರೆಯೂ ಕಳೆದಿರಲಿಲ್ಲ. ನಕಲು ಮಾಡಿದ ತಾರೀಖು ಏಪ್ರಿಲ್ ಇಪ್ಪತ್ತು, ಶನಿವಾರ ಸಾಯಂಕಾಲ. ಅಪ್ಪ ಸುಳ್ಳು ಹೇಳಿರಲಿಲ್ಲ. ಆವತ್ತು ಕಿರುಚಾಡುವ ಬದಲು ಪಕ್ಕದಲ್ಲಿ ಕೂತು, "ಅಪ್ಪ, ಆ ಕಡೆಯೂ ಒಂದು ಸಲ ನೋಡೋಣ," ಅಂದಿದ್ದರೆ ಎರಡು ನಿಮಿಷದ ಕೆಲಸ.

"ಏನಾಯ್ತೇ?" ಅಂತ ಅಮ್ಮ ಕೇಳುತ್ತಿದ್ದ ಹಾಗೇ ಎದ್ದು ಗ್ಯಾಲರಿಗೆ ಹೋದಳು. ರಾಮಚಂದ್ರ ಅಲ್ಲಿ ಕುರ್ಚಿಯಲ್ಲಿ ಕೂತು ಕೆಳಗೆ ರಿಕ್ಷಾ ಸಾಲನ್ನು ನೋಡುತ್ತಿದ್ದರು. ಯಾಮಿನಿ ಅವರ ಕಾಲ ಬಳಿ ಕುಕ್ಕರುಬಡಿದು ಮಂಡಿ ಹಿಡಿದುಕೊಂಡಳು.

"ಅಪ್ಪಾ... ಸಿಕ್ತು ಅಪ್ಪ. ನಾನು ಬೈಯಬಾರದಿತ್ತು. ತಪ್ಪಾಯ್ತು."

ರಾಮಚಂದ್ರ ಅವಳನ್ನೇ ನೋಡಿದರು. ಒಳ್ಳೆಯ ಮುಖವೇ. ಆದರೆ ಅಪ್ಪನ ಮುಖವಲ್ಲ, ಮೇಷ್ಟ್ರ ಮುಖ.

"ಯಾಕಮ್ಮ ಅಳ್ತೀಯ? ಯಾವ ಬ್ಯಾಚು ನೀನು?"

ಯಾಮಿನಿ ಅವರ ಮಂಡಿಗೆ ಹಣೆ ಒತ್ತಿದಳು.

"ಡಿಸ್ಕ್ ಅಳಿಸಿ ಹೋಯ್ತಾ?" ಅವರು ಬಗ್ಗಿ ಅವಳ ತಲೆ ಸವರಿದರು. "ಅಳಬಾರದು. ಇಲ್ಲಿ ಯಾರೂ ಬೈಯಲ್ಲ. ಇವತ್ತಿಂದ ನಿನಗೆ ಕಂಪ್ಯೂಟರ್ ಬಂತು ಅಂತ ಲೆಕ್ಕ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನ ಆಗುವ ತನಕ ಅವರು ಕೈ ತೆಗೆಯಲಿಲ್ಲ. ಆಮೇಲೆ ಏನೋ ಹೊಳೆದವರ ಹಾಗೆ ಕೇಳಿದರು.

"ಬ್ಯಾಕಪ್ ತೆಗೆದಿದ್ದೆಯಾ?"

ಯಾಮಿನಿ ತಲೆಯೆತ್ತಿದಳು. "ನಮ್ಮಪ್ಪ ತೆಗೆದಿಟ್ಟಿದ್ದರು, ಸರ್. ನನಗೆ ಗೊತ್ತಿರಲಿಲ್ಲ. ಈಗ ಸಿಕ್ತು."

"ಮತ್ತೆ ಇಲ್ಲಿ ಕೂತು ಅಳ್ತಾ ಇದೀಯಲ್ಲ?" ರಾಮಚಂದ್ರ ನಕ್ಕು ಅವಳ ಬೆನ್ನಿಗೊಂದು ಮೆಲ್ಲಗೆ ಗುದ್ದಿದರು. "ಏಳು, ಏಳು. ಮೊದಲು ಮನೆಗೆ ಹೋಗಿ ಅವರಿಗೆ ಹೇಳು, ಸಿಕ್ತು ಅಂತ. ಪಾಪ, ಕಾಯ್ತಾ ಇರ್ತಾರೆ."